ತೊಟ್ಟಿ ಡೈರಿ 6: ಪೈಪ್ ಒಂದೇ ಸಾಕಿತ್ತು

ಮೊದಲ ಫೋಟೋದಲ್ಲಿರೋ ಕಂದು ಬಣ್ಣದ ಮುದ್ದೆ ನೋಡಿ ಮುಖ ಸಿಂಡರಿಸಬೇಡಿ. ಅದು ನಮ್ಮ ಸ್ಪಂಜ್ ಫಿಲ್ಟರ್. ಅದನ್ನ ಎಸೀಬಾರದು ಅಂತ ಹೋದ ವಾರ ನಾನು ಮೂರು ಅಂಗಡಿ ಸುತ್ತಿದೀನಿ.

ಭಾನುವಾರ ಗ್ಲಾಸ್ ಉಜ್ಜುವಾಗ ಕೈ ತಾಗಿ ಫಿಲ್ಟರಿನ ಕೊಳವೆ ಬುಡದಲ್ಲೇ ಪಟ್ ಅಂತ ಮುರೀತು. ಪಂಪ್ ಊದೋ ಗಾಳಿ ಆ ಕೊಳವೇಲಿ ಗುಳ್ಳೆಯಾಗಿ ಏರುವಾಗ ನೀರನ್ನೂ ಎಳ್ಕೊಂಡು ಹೋಗತ್ತೆ, ಖಾಲಿಯಾದ ಜಾಗಕ್ಕೆ ಸ್ಪಂಜಿನ ಮೂಲಕ ಬೇರೆ ನೀರು ನುಗ್ಗತ್ತೆ. ಇಡೀ ಫಿಲ್ಟರ್ ಅಂದ್ರೆ ಇಷ್ಟೇ. ಕೊಳವೆ ಇಲ್ಲದಿದ್ರೆ ಅದು ತೊಟ್ಟೀಲಿ ಬಿದ್ದಿರೋ ಒಂದು ಸ್ಪಂಜ್.

"ಬರೀ ಪೈಪ್ ಸಿಗಲ್ಲಮ್ಮ, ಹೊಸ ಸೆಟ್ಟೇ ತಗೊಂಡೋಗು, 150." ಮೂರೂ ಅಂಗಡೀಲಿ ಇದೇ ಮಾತು.

150 ರೂಪಾಯಿಗೆ ಇಷ್ಟು ತಲೆ ಕೆಡಿಸ್ಕೋಬೇಕಾ ಅಂತೀರಾ? ಹೋದ ವರ್ಷ ನಾನೂ ಹಂಗೇ ಅಂದ್ಕೊಂಡಿದ್ದೆ. ಹಳೇ ಸ್ಪಂಜ್ ಗಲೀಜು ಅಂತ ಕಸಕ್ಕೆ ಹಾಕಿ, ಹೊಸದು ಇಟ್ಟು, ಸ್ಟೋರಿ ಕೂಡ ಹಾಕಿದ್ದೆ (ಹುಡುಕ್ಬೇಡಿ, ಡಿಲೀಟ್ ಮಾಡಿದೀನಿ). ನಾಲ್ಕನೇ ದಿನ ಗಪ್ಪಿಗಳು ಮೇಲೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡಿದ್ವು. ವಾರದೊಳಗೆ 8ರಲ್ಲಿ 5 ಹೋದ್ವು. ನೀರು ನೋಡಿದ್ರೆ ಕನ್ನಡಿ ಥರ ಇತ್ತು! ತಮ್ಮ ಒಂದೊಂದನ್ನೂ ಕರಿಬೇವಿನ ಗಿಡದ ಬುಡದಲ್ಲಿ ಹೂತ. ನನ್ನ ಜೊತೆ ಮಾತು ಬಿಟ್ಟ. ತೊಟ್ಟಿ ಅವನದು, ಕ್ಲೀನ್ ಮಾಡಿಕೊಡ್ತೀನಿ ಅಂತ ಹೋಗಿದ್ದು ನಾನು.

ಮೀನಿನ ಕಕ್ಕ, ಉಳಿದ ಊಟ ಎಲ್ಲಾ ಅಮೋನಿಯಾ ಆಗತ್ತೆ. ಸ್ಪಂಜಿನ ತೂತುಗಳಲ್ಲಿ ಮನೆ ಮಾಡಿರೋ ಬ್ಯಾಕ್ಟೀರಿಯಾ ಅದನ್ನ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡತ್ತೆ. ಮೊದಲೆರಡು ಮೀನಿಗೆ ವಿಷ, ಕೊನೇದು ಅಷ್ಟಿಲ್ಲ. ಆ ಬ್ಯಾಕ್ಟೀರಿಯಾ ನೆಲೆಯೂರೋಕೆ ವಾರಗಟ್ಟಲೆ ಬೇಕು. ನಾನು ಕಸದ ಗಾಡಿಗೆ ಹಾಕಿದ್ದು ಅದನ್ನೇ. ನಮ್ಮ ಅಕೌಂಟ್ಸ್ ಪುಸ್ತಕದಲ್ಲಿ ಹಳೇದಾದಷ್ಟೂ ಡಿಪ್ರಿಸಿಯೇಷನ್ ಕಳೀತಾ ಹೋಗ್ತೀವಿ, ಇಲ್ಲಿ ಉಲ್ಟಾ.

ಅದಕ್ಕೇ ಈ ಸಲ ಸೆಟ್ ತರಲಿಲ್ಲ. ಸ್ಪಂಜನ್ನ ತೊಟ್ಟಿಯೊಳಗೇ ಇಟ್ಟು, ಪಕ್ಕದಲ್ಲಿ ಗಾಳಿ ಕಲ್ಲು ಹಾಕಿ ಗುಳ್ಳೆ ಬಿಟ್ಟೆ. ನೀರು ಅಲುಗಾಡದಿದ್ರೆ ಆಮ್ಲಜನಕ ಸಿಗದೆ ಬ್ಯಾಕ್ಟೀರಿಯಾನೂ ಸಾಯತ್ತೆ. ಮೀನಿಗೆ ಎರಡು ದಿನ ಉಪವಾಸ. ತಮ್ಮ ರಾತ್ರಿ ಎದ್ದೆದ್ದು ಟಾರ್ಚ್ ಬಿಟ್ಟು ನೋಡ್ತಿದ್ದ, ನನಗೂ ನಿದ್ದೆ ಇಲ್ಲ.

ಡಿಪ್ಲೊಮಾ ಓದ್ತಿರೋ ಕಸಿನ್ ಹತ್ರ ವರ್ನಿಯರ್ ತಂದು ಮುರಿದ ಕೊಳವೆ ಅಳೆದೆ. ಹೊರಗಿನ ಅಳತೆ ಸುಮಾರು 16 ಮಿಲಿಮೀಟರ್. ಮಂಗಳವಾರ ಸಂಜೆ ಅಪ್ಪ ಅದನ್ನ ಕೈಯಲ್ಲಿ ತಿರುಗಿಸಿ ನೋಡಿ, "ಇದು ನಮ್ಮ ಡ್ರಿಪ್ ಪೈಪಿನ ಸೈಜ್ ಅಲ್ವೇನೇ?" ಅಂದ್ರು.

ತಿಪಟೂರು ಕಡೆಯವರಿಗೆ ಹೇಳೋದೇ ಬೇಡ, ತೆಂಗಿನ ತೋಟದಲ್ಲಿ ಕಾಲಿಗೆ ತೊಡರೋ ಆ ಕಪ್ಪು ಪೈಪ್! ತೋಟದಲ್ಲಿ ಓಡಿರೋದು ಬೇಡ, ಅದರಲ್ಲಿ ಗೊಬ್ಬರ ಹರಿದಿರತ್ತೆ. ಉಗ್ರಾಣದಲ್ಲಿ ಉಳಿದಿದ್ದ ಹೊಸ ಸುರುಳಿಯಿಂದ ತೂತಿಲ್ಲದ ಒಂದು ಗೇಣು ಕತ್ತರಿಸಿದೆ. ಸುರುಳಿ ಸುತ್ತಿದ್ದಕ್ಕೆ ಡೊಂಕಿತ್ತು, ಬಿಸಿನೀರಲ್ಲಿ ಅದ್ದಿ ನೆಟ್ಟಗೆ ಮಾಡಿದೆ. ಬುಡದಲ್ಲಿ ಸಿಕ್ಕಿಕೊಂಡಿದ್ದ ಚೂರನ್ನ ಅಪ್ಪ ಇಕ್ಕಳದಲ್ಲಿ ಕಿತ್ತರು. ಪೈಪ್ ಬಿಗಿಯಾಗಿ ಕೂತ್ಕೊಳ್ತು. ಪಂಪ್ ಆನ್ ಮಾಡಿದ್ರೆ ಬುಡುಬುಡು ಗುಳ್ಳೆ. ನೋಡೋಕೆ ಚೆಂದ ಏನಿಲ್ಲ, ಮೂರನೇ ಫೋಟೋ ನೋಡಿ, ಈಗಲೂ ಸ್ವಲ್ಪ ವಾಲಿದೆ.

ನಿಮ್ಮದು ಸ್ಪಂಜೇ ಹರಿದಿದ್ರೆ ನಡುವಿನ ತೂತಿನ ಅಳತೆ ನೋಡಿ ತನ್ನಿ. ಹಳೇದರ ಜೊತೆ ಹೊಸದನ್ನೂ ಒಂದು ತಿಂಗಳು ತೊಟ್ಟೀಲೇ ಇಡಿ. ಜೋಡಿ ಸ್ಪಂಜಿನದಾದ್ರೆ ಒಂದು ಸಲಕ್ಕೆ ಒಂದೇ ಬದಲಿಸಿ. ತೊಳೆಯೋದು ತೊಟ್ಟಿಯಿಂದ ತೆಗೆದ ನೀರಲ್ಲೇ, ನಲ್ಲೀಲಿ ಕ್ಲೋರಿನ್ ಇರತ್ತೆ. ಪಾತ್ರೆ ತೊಳೆಯೋ ಸ್ಪಂಜ್ ಹಾಕೋ ಐಡಿಯಾ ಬಂದಿದ್ರೆ ದಯವಿಟ್ಟು ಬೇಡ, ಕೆಲವಕ್ಕೆ ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ ಹಾಕಿರ್ತಾರೆ.

ಇವತ್ತಿಗೆ ಒಂಬತ್ತು ದಿನ. ಮೀನೆಲ್ಲಾ ಆರಾಮಾಗಿವೆ. ಗಾಜಿಗೆ ಅಂಟೋ ರಬ್ಬರ್ ಬಟ್ಟಲು ಮಾತ್ರ ಗಟ್ಟಿಯಾಗಿ ಹಿಡೀತಾನೇ ಇಲ್ಲ, ಅದೊಂದು ಬಿಡಿಯಾಗಿ ಎಲ್ಲಾದ್ರೂ ಸಿಕ್ಕಿದ್ರೆ ಮೆಸೇಜ್ ಮಾಡಿ. ಸೆಟ್ ತಗೋ ಅಂತ ಮಾತ್ರ ಹೇಳ್ಬೇಡಿ.