ಬೆರಳಿನಿಂದ ಮೇಲಕ್ಕೆ

ಕಾಲುಚೀಲವನ್ನು ಮೇಲಿನ ಅಂಚಿನಿಂದ ಹೆಣೆಯುತ್ತ ಇಳಿದು, ಕೊನೆಗೆ ಬೆರಳುಗಳ ಹತ್ತಿರ ಸೂಜಿಯಿಂದ ಹೊಲಿದು ಮುಚ್ಚುವುದು ನಾವೆಲ್ಲ ಕಲಿತ ಪದ್ಧತಿ. ಮನೆಯ ಕೂಸುಗಳಿಗೆ ಹಾಗೆ ಎಷ್ಟು ಜೋಡಿ ಹೆಣೆದೆನೋ ಲೆಕ್ಕವಿಲ್ಲ. ಆದರೆ ನಮ್ಮ ಅತ್ತಿಯವರಿಗೆ ಹೆಣೆಯಲು ಕುಳಿತಾಗ ಆ ಹೊಲಿಗೆಯೇ ಬೇಡವೆನಿಸಿತು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳು ಜೋಮು ಹಿಡಿದಿವೆ. ಹಿಂದೊಮ್ಮೆ ಚಪ್ಪಲಿ ಕಚ್ಚಿ ಹೆಬ್ಬೆರಳಿಗೆ ಗಾಯವಾದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಅದು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅಂಥ ಕಾಲಿಗೆ ಒಂದು ದಪ್ಪ ಹೊಲಿಗೆ ಒತ್ತಿದರೂ ಕಷ್ಟವೇ.

ಅದಕ್ಕೇ ಬೆರಳಿನಿಂದ ಶುರುಮಾಡಿದೆ. ಜೂಡಿ ಬೆಕರ್ ಎಂಬಾಕೆ 2006ರಲ್ಲಿ ಪ್ರಕಟಿಸಿದ ಒಂದು ಉಪಾಯವಿದೆ. ಎರಡು ಕಡ್ಡಿಗಳನ್ನು ಜೋಡಿಸಿ ಹಿಡಿದು, ಉಲನ್ನಿನ ಎರಡು ಎಳೆಗಳನ್ನು ಸರದಿಯಂತೆ ಒಂದೊಂದು ಕಡ್ಡಿಗೆ ಸುತ್ತುತ್ತ ಹೋದರೆ, ತುದಿ ಮುಚ್ಚಿಕೊಂಡೇ ಹುಟ್ಟುತ್ತದೆ. ಹೊಲಿಗೆಯಿಲ್ಲ, ಗಂಟಿಲ್ಲ. ಹತ್ತು ಹತ್ತು ಸೇರಿ 20 ಕುಣಿಕೆ. ಸುತ್ತು ಬಿಟ್ಟು ಸುತ್ತಿಗೆ ನಾಲ್ಕು ಹೆಚ್ಚಿಸಿದರೆ 18 ಸುತ್ತಿಗೆ 56 ಆಗುತ್ತವೆ. ಅಂಗಾಲಿನ 28 ಬರೀ ಸೀದಾ, ಚಿತ್ತಾರದ ಉಬ್ಬು ಅಲ್ಲಿ ಬೇಡ. ಪಾದದ ಮೇಲಿನ 28ರಲ್ಲಿ ಎರಡು ಸೀದಾ, ಎರಡು ಉಲ್ಟಾ, ಎರಡು ಸುತ್ತಿಗೊಮ್ಮೆ ಅದಲುಬದಲು. ನವಲಗುಂದದ ಜಮಖಾನೆಯ ಪಗಡಿ ಹಾಸಿನ ಹಾಗೆ ಸಣ್ಣ ಸಣ್ಣ ಚೌಕಗಳು ಎದ್ದು ಬಂದವು.

ಈ ಪದ್ಧತಿಯಲ್ಲಿ ಹೆಣೆಯುತ್ತಿರುವಾಗಲೇ ಕಾಲಿಗೆ ಹಾಕಿ ಅಳತೆ ನೋಡಬಹುದು. ಹಾಕಿ ಕೇಳಿದೆ, "ಅತ್ತಿ, ಬಿಗಿ ಆತೇನ್ರಿ?"

"ನನ್ನ ಕೇಳತೀಯಲ್ಲ ತಂಗಿ, ಕಾಲಿಗೆ ಗೊತ್ತಾದರ ಹೇಳೇನು" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಚೀಲದೊಳಗೆ ನನ್ನ ಬೆರಳು ತೂರಿಸಿ, ಬಿಗಿಯೋ ಸಡಿಲೋ ನಾನೇ ನೋಡಿಕೊಂಡೆ. ಅಂದಿನಿಂದ ಅವರ ಕಾಲಿನ ಬದಲು ನನ್ನ ಕೈ ಹೇಳಬೇಕಾಯಿತು.

ಅವರಿಗೊಂದು ತಕರಾರಿತ್ತು. "ಬಿಳೇದ್ಯಾಕ ತಂದಿ? ಈ ಎರಿಮಣ್ಣಿನ ಊರಾಗ ಬಿಳೇದು ಉಳದೀತೇನು?"

"ಗಾಯ ಆದರ ಕಲೆ ಕಾಣಬೇಕಲ್ರಿ" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಒಂದು ಕಾಲಿಗೆ 50 ಗ್ರಾಂ ಉಂಡೆ. ಉಲನ್ ಇರುವಷ್ಟು ಎತ್ತರ ಹೆಣೆದರಾಯಿತು, ನಡುವೆ ಜೋಡಣೆಯೇ ಬರುವುದಿಲ್ಲ. ಮೀನಖಂಡದ ಮೇಲೆ ಗೆರೆ ಮೂಡಬಾರದೆಂದು ಇಲಾಸ್ಟಿಕ್ ಹಾಕದೆ, ಕೊನೆಯ ಸುತ್ತನ್ನು ಸಡಿಲಾಗಿ ಮುಗಿಸಿದೆ.

ಕೈಗಿತ್ತಾಗ ಅತ್ತಿಯವರು ಮೊದಲು ಚೌಕಗಳನ್ನು ನೋಡಲಿಲ್ಲ. ಚೀಲವನ್ನು ಒಳಹೊರಗು ಮಾಡಿದರು. ಹರೆಯದಲ್ಲಿ ಇಳಕಲ್ ಸೀರೆಗೆ ಕಸೂತಿ ಹಾಕಿದ ಕೈ ಅದು. ಗವಂತಿಯಲ್ಲಿ ಹಿಂದು ಮುಂದು ಒಂದೇ, ಗಂಟು ಹಾಕುವಂತಿಲ್ಲ. ಕೆಲಸ ಚಂದವೋ ಅಲ್ಲವೋ ಎಂಬುದನ್ನು ಹಿಂಭಾಗ ನೋಡಿಯೇ ಹೇಳುವ ಕಾಲದವರು. ತುದಿಯಿಂದ ಹಿಮ್ಮಡಿಯವರೆಗೆ ಹೆಬ್ಬೆರಳು ಆಡಿಸಿ, "ಗಂಟಿಲ್ಲ" ಎಂದರು. ಕಾಲಿಗೆ ತಿಳಿಯದ್ದು ಆ ಕೈಗೆ ಇನ್ನೂ ತಿಳಿಯುತ್ತದೆ.

ಈಗ ದಿನಾ ರಾತ್ರಿ ಚೀಲ ಕಳಚಿ, ತಿರುವಿ, ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ಅಡಿಗೆಮನೆಯಲ್ಲಿರುವ ನನಗೆ ಕೇಳುವಂತೆ ಕೂಗುತ್ತಾರೆ: "ಬೆಳ್ಳಗ ಐತಿ, ತಂಗಿ."