ಬ್ರೇಕು ಕೂಗಿದಾಗ

ಮನೆ ನಡೆಸುವ ಹೆಂಗಸಿಗೆ ಕಿವಿ ತಾನಾಗಿಯೇ ಚುರುಕಾಗುತ್ತದೆ. ಹಾಲು ಉಕ್ಕುವ ಮುಂಚಿನ ಸಣ್ಣ ಸದ್ದು, ಮಿಕ್ಸಿಯ ಬ್ಲೇಡು ಮೊಂಡಾದಾಗಿನ ಗೊರಗೊರ, ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನ ಬುಸ್ಸೆನ್ನುವ ದನಿ, ಇವನ್ನೆಲ್ಲ ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ಆದರೆ ಕಾರಿನ ಚಕ್ರದಿಂದ ಕಿರ್ರೆಂದು ಸದ್ದು ಬಂದರೆ ಮಾತ್ರ ‘ಅದೇನೋ ಗಂಡಸರ ವಿಷಯ’ ಎಂದು ಗಾಜು ಏರಿಸಿ ಕೂತುಬಿಡುತ್ತೇವೆ. ನಮ್ಮ ಕಡೆ ಈಗ ಎಷ್ಟೊಂದು ಟೀಚರುಗಳು, ನರ್ಸುಗಳು, ಬ್ಯಾಂಕಿನ ಹೆಣ್ಣುಮಕ್ಕಳು ತಾವೇ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ ನೋಡಿ. ಓಡಿಸುವುದನ್ನು ಕಲಿತೆವು, ಸಂತೋಷ. ನಿಲ್ಲಿಸುವ ಸಾಮಾನು ಯಾವಾಗ ಸವೆಯುತ್ತದೆ ಎನ್ನುವುದನ್ನು ಮಾತ್ರ ಬೇರೆಯವರಿಗೆ ಬಿಟ್ಟುಕೊಟ್ಟೆವು.

ನನ್ನ ಮನೆ ಶ್ರೀರಂಗಪಟ್ಟಣದಲ್ಲಿ. ಶಾಲೆ ಇರುವುದು ಪಾಂಡವಪುರ ದಾಟಿ ನಾಗಮಂಗಲದ ದಾರಿಯ ಒಂದು ಹಳ್ಳಿಯಲ್ಲಿ. ತವರು ಕೆ.ಆರ್. ಪೇಟೆ. ಹಬ್ಬ, ಹುಣ್ಣಿಮೆ, ನಾಮಕರಣ ಎಂದು ಈ ನಾಲ್ಕು ತಾಲ್ಲೂಕುಗಳ ರಸ್ತೆ ಸುತ್ತುವುದೇ ನನ್ನ ಬದುಕಾಗಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಬ್ರೇಕಿನ ಕೆಲಸ ಕಡಿಮೆ. ನಮ್ಮ ಒಳದಾರಿಗಳಲ್ಲಿ ಹಾಗಲ್ಲ. ಊರು ಬಂದರೆ ಹಂಪು, ಊರು ಮುಗಿದರೆ ಹಂಪು. ಕಬ್ಬು ಅರೆಯುವ ಕಾಲದಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರಾಕ್ಟರು, ಅದರ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೇ ಹುರುಳಿ, ರಾಗಿ ಹರಡಿರುತ್ತಾರೆ. ಸಂಜೆ ಮನೆಗೆ ತಿರುಗುವ ಎಮ್ಮೆಗಳಂತೂ ಹಾರನ್ನಿಗೆ ಬಗ್ಗುವ ಜಾತಿಯಲ್ಲ. ವರ್ಷಕ್ಕೆ ಎರಡು ಸಲವಾದರೂ ಮನೆಗೆ ಬಂದ ನೆಂಟರನ್ನು ಕೂರಿಸಿಕೊಂಡು ಮೇಲುಕೋಟೆಗೆ ಹೋಗಿಬರುವುದಿದ್ದೇ ಇದೆ. ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲಿ ಬರದೆ ಉದ್ದಕ್ಕೂ ಬ್ರೇಕು ತುಳಿದುಕೊಂಡೇ ಬರುವವರ ಕಾರು ಕೆಳಗೆ ಬಂದಾಗ ಸುಟ್ಟ ವಾಸನೆ ಹೊಡೆಯುತ್ತದೆ.

ಆದ್ದರಿಂದಲೇ ‘ಇಷ್ಟು ಸಾವಿರ ಕಿಲೋಮೀಟರಿಗೆ ಪ್ಯಾಡು ಬದಲಿಸಿ’ ಎನ್ನುವ ಲೆಕ್ಕದಲ್ಲಿ ನನಗೆ ನಂಬಿಕೆಯಿಲ್ಲ. ಒಬ್ಬರಿಗೆ 50 ಸಾವಿರ ಕಿಲೋಮೀಟರ್ ಬಂದದ್ದು ಇನ್ನೊಬ್ಬರಿಗೆ 25 ಸಾವಿರಕ್ಕೇ ಮುಗಿಯಬಹುದು. ಒಂದೇ ಅಂಗಡಿಯಲ್ಲಿ ಕೊಂಡ ಚಪ್ಪಲಿ ಅಕ್ಕತಂಗಿಯರ ಕಾಲಲ್ಲಿ ಒಂದೇ ಸಮ ಸವೆಯುತ್ತದೆಯೇ?

ಸೈಕಲ್ಲಿನ ಬ್ರೇಕು ನೆನಪು ಮಾಡಿಕೊಳ್ಳಿ. ಹಿಡಿ ಒತ್ತಿದರೆ ಎರಡು ರಬ್ಬರು ತುಂಡು ಚಕ್ರದ ಅಂಚನ್ನು ಹಿಡಿಯುತ್ತಿದ್ದವು. ಕಾರಿನ ಮುಂದಿನ ಚಕ್ರಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ. ಚಕ್ರದ ಜೊತೆ ತಿರುಗುವ ಒಂದು ಕಬ್ಬಿಣದ ತಟ್ಟೆ, ಅದರ ಆಚೀಚೆ ಎರಡು ಪ್ಯಾಡು. ಹೊಸದರಲ್ಲಿ ಉಜ್ಜುವ ಭಾಗದ ದಪ್ಪ ಸುಮಾರು 10 ಮಿಲಿಮೀಟರ್ ಇರುತ್ತದೆ. ಸವೆದು 3ಕ್ಕೆ ಬಂದರೆ ಬದಲಿಸುವ ಹೊತ್ತು. ಕೆಲವು ಪ್ಯಾಡುಗಳಿಗೆ ಪುಟ್ಟದೊಂದು ತಗಡಿನ ನಾಲಿಗೆ ಇಟ್ಟಿರುತ್ತಾರೆ. ಪ್ಯಾಡು ತೆಳುವಾದಾಗ ಅದು ತಟ್ಟೆಗೆ ತಗುಲಿ ಕಿರ್ರೆಂದು ಕೂಗುತ್ತದೆ. ಆ ಕೂಗು ಕೇಳಿಯೂ ಸುಮ್ಮನಿದ್ದರೆ ಮುಂದೆ ಗರಗರ ಎಂದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆಗ ತಟ್ಟೆಯೂ ಹಾಳು, ಖರ್ಚೂ ಹೆಚ್ಚು, ಕಾರು ನಿಲ್ಲುವ ಭರವಸೆಯೂ ಇಲ್ಲ. ಮಳೆ ಬಂದ ಮಾರನೆಯ ಬೆಳಗ್ಗೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಹೋಗಿಬಿಡುವ ಸದ್ದು ಬೇರೆ, ಅದು ತಟ್ಟೆಯ ಮೇಲಿನ ತುಕ್ಕು. ಅದಕ್ಕೆ ಹೆದರಬೇಕಿಲ್ಲ. ದಿನವೂ ಬರುತ್ತದೆಯೇ, ಬ್ರೇಕು ಒತ್ತಿದಾಗ ಬರುತ್ತದೆಯೇ, ಇದನ್ನು ಕೇಳಿಸಿಕೊಳ್ಳಬೇಕು.

ಬಾನೆಟ್ ಎತ್ತಿದರೆ ಬ್ರೇಕ್ ಎಣ್ಣೆಯ ಡಬ್ಬಿ ಕಾಣುತ್ತದೆ. ಪ್ಯಾಡು ಸವೆದಂತೆ ಅದರ ಮಟ್ಟವೂ ಇಳಿಯುತ್ತದೆ. ತುಂಬಾ ಇಳಿದರೆ ಎದುರಿನ ಫಲಕದಲ್ಲಿ ಕೆಂಪು ದೀಪ. ‘ಎಣ್ಣೆ ಹಾಕಿಬಿಟ್ಟರಾಯಿತು’ ಎಂದು ತುಂಬಿಸಿಕೊಂಡು ಬರುವವರಿದ್ದಾರೆ. ದೀಪ ಆರುತ್ತದೆ, ಪ್ಯಾಡು ಬೆಳೆಯುವುದಿಲ್ಲ.

ಮೊನ್ನೆ ಬೇಸಿಗೆ ರಜೆಗೆ ಮುಂಚೆ ನನ್ನ ಕಾರಿನ ಮುಂದಿನ ಎಡಚಕ್ರ ಕೂಗತೊಡಗಿತು. ಆ ಭಾನುವಾರ ತವರಿಗೆ ಹೋಗಿದ್ದವಳು ತಮ್ಮನನ್ನು ಕರೆದುಕೊಂಡು ಅಲ್ಲಿಯ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಹುಡುಗ ಬಗ್ಗಿ ಚಕ್ರದ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿ, ಎದುರಿಗೇ ನಿಂತಿದ್ದ ನನ್ನನ್ನು ಬಿಟ್ಟು ನನ್ನ ತಮ್ಮನಿಗೆ ಹೇಳಿದ: “ಪ್ಯಾಡು ಇನ್ನೂ ಅದೆ ಸಾರ್. ಮುಂದಿನ ಸರ್ವೀಸ್‌ಗೆ ನೋಡಾನ ಬುಡಿ ಅಂತ ಮೇಡಮ್ಮೋರ್ಗೆ ಹೇಳಿ.”

“ಅವನಿಗೆ ಗೊತ್ತಿರುತ್ತೆ ಕಣಕ್ಕ, ಬಾ,” ಎಂದ ತಮ್ಮ.

“ಕಾರು ನಂದು ಕಣಪ್ಪ, ನಂಗೇ ಹೇಳು. ಒಳಗಡೆ ಪ್ಯಾಡು ನೋಡ್ದಾ?”

“ಅದು ಕಾಣಬೇಕಾದ್ರೆ ಚಕ್ರ ಬಿಚ್ಚಬೇಕು ಮೇಡಂ.”

“ಬಿಚ್ಚು. ಕೂತಿರ್ತೀನಿ.”

ತಮ್ಮನಿಗೆ ಮುಜುಗರ, ಟೀ ಕುಡಿಯುವ ನೆಪದಲ್ಲಿ ಆಚೆ ಹೋದ. ನಾನು ಹೀಗೆ ಹಟ ಹಿಡಿದದ್ದಕ್ಕೆ ಒಂದು ಕಾರಣವಿದೆ. ನಾನು ದಿನವೂ ಓಡಾಡುವ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆ ಹಲವು ಕಡೆ ರಸ್ತೆಯ ಪಕ್ಕಕ್ಕೇ ಹರಿಯುತ್ತದೆ. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಹೋದರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ಬಸ್ಸಿನದು ಬ್ರೇಕಿನ ದೋಷವೆಂದು ನಾನು ಹೇಳುತ್ತಿಲ್ಲ. ಆದರೆ ಸೋಮವಾರ ಬೆಳಗ್ಗೆ ಹಾಜರಿ ಕೂಗುವ ಮೇಷ್ಟ್ರ ಕಷ್ಟ ಏನೆಂದು ಬಲ್ಲವರಿಗೆ, ‘ಇನ್ನೊಂದು ತಿಂಗಳು ತಳ್ಳೋಣ’ ಎನ್ನುವ ಮಾತು ಅಷ್ಟು ಹಗುರವಾಗಿ ಬಾಯಿಗೆ ಬರುವುದಿಲ್ಲ. ನನ್ನ ಕಾರಿನ ಹಿಂದಿನ ಸೀಟಿನಲ್ಲೂ ದಿನವೂ ಇಬ್ಬರು ಸಹೋದ್ಯೋಗಿಗಳು ಕೂರುತ್ತಾರೆ.

ಚಕ್ರ ಬಿಚ್ಚಿದ ಮೇಲೆ ಹುಡುಗನ ಮುಖ ಸ್ವಲ್ಪ ಬದಲಾಯಿತು. ಹೊರಗಿನ ಪ್ಯಾಡು ಅವನು ಹೇಳಿದಂತೆ ಇನ್ನೂ ಇತ್ತು. ಒಳಗಿನದು ತಗಡಿನ ಹತ್ತಿರ ಬಂದಿತ್ತು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್ ಆಚೀಚೆ ಜಾರಾಡಲು ಎರಡು ಪಿನ್ನುಗಳಿರುತ್ತವೆ. ಧೂಳು ಕೂತು, ಗ್ರೀಸು ಒಣಗಿ ಅವು ಬಿಗಿದುಕೊಂಡರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೇ ಬೀಳುತ್ತದೆ. (ಇಂಥ ಹಂಚಿಕೆಯ ಮನೆಗಳನ್ನು ನೀವೂ ನೋಡಿರುತ್ತೀರಿ.) ಹುಡುಗ ಕೆಲಸಗಾರ, ಸುಳ್ಳುಗಾರನಲ್ಲ. ಪಿನ್ನು ಉಜ್ಜಿ ಗ್ರೀಸು ಹಚ್ಚಿದ. ಒಂದು ಕಡೆ ಮಾತ್ರ ಹಾಕಿದರೆ ಕಾರು ಪಕ್ಕಕ್ಕೆ ಎಳೆಯುತ್ತದೆಂದು ಎರಡೂ ಮುಂಚಕ್ರಗಳಿಗೆ ಹೊಸ ಪ್ಯಾಡು ಕೂರಿಸಿದ. “ಮೇಡಂ, ಹೊಸ್ದು ಹೊಂದ್ಕೊಳೋವರ್ಗೂ ಇನ್ನೂರು ಮುನ್ನೂರು ಕಿಲೋಮೀಟರು ಮೆತ್ತಗೆ ಓಡ್ಸಿ,” ಎಂದು ಈ ಸಲ ನನಗೇ ಹೇಳಿದ.

ಹಳೆಯ ಪ್ಯಾಡುಗಳನ್ನು ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ತಂದೆ. ನಾನು ಕನ್ನಡದ ಟೀಚರು, ಘರ್ಷಣೆ ನನ್ನ ಪಾಠವಲ್ಲ. ನಮ್ಮ ವಿಜ್ಞಾನದ ಮೇಡಂಗೆ ಕೊಟ್ಟೆ. ಎಂಟನೇ ತರಗತಿಯ ಮಕ್ಕಳು ಜಾಮಿಟ್ರಿ ಬಾಕ್ಸಿನ ಸ್ಕೇಲು ಇಟ್ಟು ಅಳೆದರು: ಹೊರಗಿನದು 5, ಒಳಗಿನದು 2. ಮೇಡಂ ಅಂದೇ ಸಂಜೆ ತಮ್ಮ ಕಾರನ್ನೂ ತೋರಿಸಿಕೊಂಡು ಬಂದರು. ಅವರದರಲ್ಲಿ ಒಳಗೂ ಹೊರಗೂ ಇನ್ನೂ 6 ಮಿಲಿಮೀಟರ್ ಇತ್ತಂತೆ, ಬದಲಿಸಲಿಲ್ಲ.