ಎಚ್ಚರವಿದ್ದವನ ಹೊಣೆ

ವ್ರತವು ಅದನ್ನು ಪಾಲಿಸುವವನನ್ನು ಕಾಯುತ್ತದೆ ಎಂಬುದು ಶ್ರಾವಕ ಕುಟುಂಬಗಳಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಅದು ಹುಸಿ ನಂಬಿಕೆಯೇನಲ್ಲ. ಆದರೆ ವ್ರತಿಯ ಪಕ್ಕದಲ್ಲಿಯೇ ಎಚ್ಚರ ತಪ್ಪಿ ಬಿದ್ದಿರುವವನನ್ನು ಕಾಯುವವರು ಯಾರು? 2023ರ ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಆಗತಾನೆ ಸೇರಿದ್ದ 18 ವರ್ಷದ ತರುಣನೊಬ್ಬನಿಗೆ ಈ ಪ್ರಶ್ನೆ ಎದುರಾಯಿತು. ಎದುರಾದದ್ದು ಸ್ವಾಧ್ಯಾಯದ ಪೀಠದ ಮುಂದಲ್ಲ; ವಿದ್ಯಾರ್ಥಿಗಳ ಮೋಜಿನ ಮನೆಯೊಂದರ ನೆಲಮಾಳಿಗೆಯಲ್ಲಿ.

ಆತನ ತಂದೆ ಮೂಡುಬಿದಿರೆಯ ಕಡೆಯವರು. ಉದ್ಯೋಗನಿಮಿತ್ತ ನ್ಯೂಜೆರ್ಸಿ ರಾಜ್ಯಕ್ಕೆ ಹೋಗಿ ಅಲ್ಲಿಯೇ ನೆಲೆಸಿದವರು. ಹುಡುಗ ಹುಟ್ಟಿ ಬೆಳೆದದ್ದು ಅಲ್ಲಿಯಾದರೂ ಮನೆಯ ಆಚಾರ ಊರಿನದೇ. ರಾತ್ರಿ ಊಟವಿಲ್ಲ, ಕಂದಮೂಲಗಳಿಲ್ಲ, ಭಾನುವಾರ ಮಂದಿರದ ಪಾಠಶಾಲೆ ತಪ್ಪುತ್ತಿರಲಿಲ್ಲ. ಸಪ್ತವ್ಯಸನಗಳ ಹೆಸರನ್ನು ಅವನು ಆರನೆಯ ವಯಸ್ಸಿನಲ್ಲಿಯೇ ಬಾಯಿಪಾಠ ಒಪ್ಪಿಸಿದ್ದನು. ಆಗಸ್ಟ್ ಕೊನೆಯಲ್ಲಿ ಅವನನ್ನು ವಿದ್ಯಾರ್ಥಿನಿಲಯದಲ್ಲಿ ಬಿಟ್ಟು ಹೊರಡುವಾಗ ತಾಯಿ ಚಟ್ನಿಪುಡಿಯ ಡಬ್ಬಿಯನ್ನೂ ಜಪಮಾಲೆಯನ್ನೂ ಕೈಗಿತ್ತರು. ತಂದೆ ಹೇಳಿದ್ದು ಒಂದೇ ಮಾತು: "ಕುಡಿಯುವವರಿರುವ ಜಾಗಕ್ಕೆ ಕಾಲಿಡಬೇಡ. ಕಾಲಿಟ್ಟೆ ಎಂಬ ಸುದ್ದಿ ಮಾತ್ರ ನನ್ನ ಕಿವಿಗೆ ಬೀಳಬಾರದು." ಆ ಎರಡನೆಯ ವಾಕ್ಯ ಮುಂದೆ ಎಷ್ಟು ಭಾರವಾದೀತೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಅಲ್ಲಿಯ 'ಫ್ರೆಟರ್ನಿಟಿ'ಗಳ ಪರಿಚಯ ಇಲ್ಲಿಯ ಹಿರಿಯರಿಗೆ ಕಡಿಮೆ. ಇವು ಕಾಲೇಜು ತರುಣರ ಸೋದರ ಸಂಘಗಳು. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಳ್ಳುವ ಪದ್ಧತಿ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ 'ಫೈ ಬೀಟಾ ಕಪ್ಪಾ' ಸಂಘದಿಂದ ಆರಂಭವಾಯಿತು. ಇಂದು ಅನೇಕ ಸಂಘಗಳಿಗೆ ಸ್ವಂತ ಮನೆಗಳಿವೆ. ಸೇವಾಕಾರ್ಯ, ಸ್ನೇಹ, ಮುಂದೆ ಉದ್ಯೋಗಕ್ಕೆ ನೆರವಾಗುವ ಪರಿಚಯಗಳೂ ಅವುಗಳಿಂದ ದೊರೆಯುತ್ತವೆ. ಯುವತಿಯರ ಇಂಥ ಸಂಘಗಳಿಗೆ 'ಸೊರೊರಿಟಿ' ಎಂದು ಹೆಸರು. ಎಲ್ಲವನ್ನೂ ಒಂದೇ ಮಾತಿನಲ್ಲಿ ಕೆಟ್ಟದ್ದೆಂದು ತಳ್ಳಿಹಾಕುವುದು ಅನೇಕಾಂತದ ಕಣ್ಣಿಗೆ ಒಪ್ಪುವಂಥದಲ್ಲ. ಆದರೆ ವಾರಾಂತ್ಯದ ರಾತ್ರಿಗಳಲ್ಲಿ ಈ ಮನೆಗಳಲ್ಲಿ ನಡೆಯುವ ಪಾರ್ಟಿಗಳ ವ್ಯವಸ್ಥೆಯೇ ಅಪಾಯಕ್ಕೆ ಎಡೆಮಾಡುವಂತಿದೆ.

1984ರ ಕೇಂದ್ರ ಕಾನೂನಿನ ಒತ್ತಡದಿಂದ, 1988ರ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲಿಯೂ ಮದ್ಯ ಖರೀದಿಯ ಕನಿಷ್ಠ ವಯಸ್ಸು 21 ಆಯಿತು. ಕಾಲೇಜಿನ ಮೊದಲ ವರ್ಷಗಳಲ್ಲಿರುವವರು ಆ ವಯಸ್ಸಿನ ಒಳಗಿನವರು. ಆದುದರಿಂದ ಅವರ ಕುಡಿತ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಕುಡಿಸುವವರು ಹಿರಿಯ ವಿದ್ಯಾರ್ಥಿಗಳು. ಯುವತಿಯರ ಸಂಘಗಳು ತಮ್ಮ ಮನೆಗಳಲ್ಲಿ ಮದ್ಯವಿಡುವುದಿಲ್ಲವೆಂಬ ನಿಯಮವನ್ನು ಬಹುಮಟ್ಟಿಗೆ ಪಾಲಿಸುತ್ತವೆ. ಹಾಗಾಗಿ ಪಾರ್ಟಿಯೆಂದರೆ ತರುಣರ ಮನೆಯಲ್ಲಿಯೇ. ಬಾಗಿಲಲ್ಲಿ ಯಾರನ್ನು ಬಿಡಬೇಕು, ಲೋಟಕ್ಕೆ ಏನನ್ನು ಸುರಿಯಬೇಕು, ಮಹಡಿಯ ಕೋಣೆಯ ಕೀಲಿ ಯಾರ ಕೈಯಲ್ಲಿರಬೇಕು, ಎಲ್ಲವೂ ಆ ಮನೆಯವರ ಅಧೀನ. ಹೊಸದಾಗಿ ಬಂದ ಹುಡುಗಿ ಅಲ್ಲಿ ಪರರ ನೆಲದಲ್ಲಿ ನಿಂತಿರುತ್ತಾಳೆ. ಸೇರ್ಪಡೆ ಬಯಸುವ ಹುಡುಗನೂ ಹಾಗೆಯೇ. ಹಿರಿಯರು ಕೊಟ್ಟದ್ದನ್ನು ಒಲ್ಲೆನೆನ್ನಲು ಅವನಿಗೆ ಧೈರ್ಯ ಸಾಲದು. ನಮ್ಮ ಹಾಸ್ಟೆಲುಗಳ ರ್‍ಯಾಗಿಂಗನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಗಸ್ಟಿನಿಂದ ನವೆಂಬರ್ ಕೊನೆಯ ಕೃತಜ್ಞತಾ ಹಬ್ಬದವರೆಗಿನ ವಾರಗಳು ಹೊಸ ವಿದ್ಯಾರ್ಥಿನಿಯರ ಮೇಲೆ ಲೈಂಗಿಕ ದೌರ್ಜನ್ಯದ ಅಪಾಯ ಹೆಚ್ಚಾಗಿರುವ ಕಾಲವೆಂದು ಅಲ್ಲಿಯ ಶಿಕ್ಷಣ ಸಂಸ್ಥೆಗಳು ಗುರುತಿಸಿ, ಅದನ್ನು 'ಕೆಂಪು ಅವಧಿ' ಎಂದು ಕರೆಯುತ್ತವೆ. ಭಾದ್ರಪದದ ದಶಲಕ್ಷಣ ಪರ್ವ ಬರುವುದೂ ಸಾಮಾನ್ಯವಾಗಿ ಇದೇ ಅವಧಿಯ ಆರಂಭದಲ್ಲಿ. ಮನೆಯಲ್ಲಿ ತಂದೆತಾಯಿಯರು ಏಕಭುಕ್ತ, ಉಪವಾಸಗಳಲ್ಲಿರುವ ದಿನಗಳಲ್ಲಿಯೇ ಮಕ್ಕಳು ಮೊದಲ ಬಾರಿ ಇಂಥ ಬಾಗಿಲುಗಳ ಮುಂದೆ ನಿಂತಿರುತ್ತಾರೆ.

ಆ ವರ್ಷ ಪರ್ವದ ನಡುವಿನ ಶುಕ್ರವಾರ ಹುಡುಗನ ಕೋಣೆಯ ಜೊತೆಗಾರ ಅಂಥದೊಂದು ಮನೆಗೆ ಹೊರಟನು. ಒಬ್ಬನನ್ನೇ ಕಳುಹಿಸಲು ಮನಸ್ಸೊಪ್ಪದೆ ಇವನೂ ಹೊರಟನು. ತಾನು ಕುಡಿಯುವವನಲ್ಲವಾದ್ದರಿಂದ ತನಗೇನೂ ಆಗದೆಂಬ ನೆಚ್ಚಿಕೆ ಅವನಿಗಿತ್ತು. ನೆಲಮಾಳಿಗೆಯಲ್ಲಿ ಕಿವಿಗಡಚಿಕ್ಕುವ ಸಂಗೀತ. ಮೂಲೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯ ತುಂಬ ಹಣ್ಣಿನ ರಸದ ಬಣ್ಣದ ಪಾನೀಯ. ಇವನು ತಾನೇ ತಂದಿದ್ದ ಮುಚ್ಚಿದ ಸೋಡಾ ಡಬ್ಬಿಯನ್ನು ತೆರೆದುಕೊಂಡು ನಿಂತನು. ಜೊತೆಗಾರ ಕೆಂಪು ಲೋಟದ ಮೇಲೆ ಲೋಟ ಬರಿದುಮಾಡಿದನು. ರಸದ ಸಿಹಿಯಲ್ಲಿ ಮದ್ಯದ ಖಾರ ತಿಳಿಯುವಂತಿರಲಿಲ್ಲ.

ಮಧ್ಯರಾತ್ರಿಯ ಹೊತ್ತಿಗೆ ಜೊತೆಗಾರ ಒಂದು ಸೋಫಾದ ಮೇಲೆ ಬಿದ್ದಿದ್ದನು. ಕರೆದರೆ ಓಗೊಡಲಿಲ್ಲ. ಕೈ ತಣ್ಣಗಿತ್ತು, ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು. "ಮಲಗಲಿ ಬಿಡು, ಬೆಳಿಗ್ಗೆ ಸರಿಹೋಗುತ್ತಾನೆ" ಎಂದರು ಮನೆಯವರು. ಇವನು ಫೋನನ್ನು ಕೈಗೆತ್ತಿಕೊಂಡನು. ಮತ್ತೆ ಜೇಬಿಗೆ ಹಾಕಿದನು. ಪೊಲೀಸರು ಬಂದಾರು, ಹೆಸರು ಬರೆದುಕೊಂಡಾರು, ಸುದ್ದಿ ಮನೆಗೆ ಮುಟ್ಟೀತು. ತಂದೆಯ ಎರಡನೆಯ ವಾಕ್ಯ ಕಿವಿಯಲ್ಲಿ ಮೊಳಗುತ್ತಿತ್ತು. ಹೀಗೆ 40 ನಿಮಿಷಗಳು ಕಳೆದವು.

ಆಗ ಪರಿಚಯವಿಲ್ಲದ ವಿದ್ಯಾರ್ಥಿನಿಯೊಬ್ಬಳು ಸೋಫಾದ ಬಳಿ ನಿಂತು, "ಇವನ ಸ್ನೇಹಿತರು ಯಾರಾದರೂ ಇಲ್ಲಿದ್ದಾರೆಯೇ?" ಎಂದು ಕೇಳಿದಳು. ಇವನು 911ಕ್ಕೆ ಕರೆಮಾಡಿದನು. ಅತ್ತಲಿಂದ ಮೊದಲು ಕೇಳಿದ್ದೇ ವಿಳಾಸ. ಮನೆಯ ಗ್ರೀಕ್ ಅಕ್ಷರಗಳು ಇವನಿಗೆ ಗೊತ್ತಿದ್ದವು. ಬೀದಿಯ ಹೆಸರೂ ಮನೆಯ ಸಂಖ್ಯೆಯೂ ಗೊತ್ತಿರಲಿಲ್ಲ. ಹೊರಗೋಡಿ ಕತ್ತಲಲ್ಲಿ ಸಂಖ್ಯೆಯನ್ನು ಹುಡುಕಿ ಓದಿ ಹೇಳಬೇಕಾಯಿತು. ಆ ವಿದ್ಯಾರ್ಥಿನಿ ಅಷ್ಟರಲ್ಲಿ ಬಿದ್ದವನನ್ನು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಆಸರೆಯಾಗಿ ಕುಳಿತಿದ್ದಳು. ಜೊತೆಗಾರ ಬದುಕಿದನು. ಇನ್ನಷ್ಟು ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲವೆಂದು ವೈದ್ಯರು ತಿಳಿಸಿದರು.

'ಮಲಗಲಿ ಬಿಡು' ಎಂಬ ಮಾತು ಕರುಣೆಯಂತೆ ಕೇಳಿಸುತ್ತದೆ. ಅದಕ್ಕಿಂತ ಅಪಾಯಕರ ಮಾತು ಅಲ್ಲಿ ಮತ್ತೊಂದಿಲ್ಲ. ಅಮೆರಿಕದಲ್ಲಿ ಒಂದು ಪಾನವೆಂದು ಎಣಿಸುವುದರಲ್ಲಿ ಸುಮಾರು 14 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಅಷ್ಟನ್ನು ಕರಗಿಸಲು ಯಕೃತ್ತಿಗೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು, ಅವಸರಪಡಿಸುವ ಉಪಾಯವಿಲ್ಲ. ಕಾಫಿ, ತಣ್ಣೀರು, ನಡೆದಾಟ ಯಾವುದೂ ಇದಕ್ಕೆ ಮದ್ದಲ್ಲ. ಕುಡಿಯುವುದನ್ನು ನಿಲ್ಲಿಸಿದ ಮೇಲೆಯೂ, ಪ್ರಜ್ಞೆ ತಪ್ಪಿದ ಮೇಲೆಯೂ ಹೊಟ್ಟೆಯಲ್ಲಿರುವ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಅಂಗಾತ ಮಲಗಿದವನು ವಾಂತಿಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಎಬ್ಬಿಸಿದರೆ ಏಳದಿರುವುದು, ನಿಮಿಷಕ್ಕೆ 8ಕ್ಕಿಂತ ಕಡಿಮೆ ಉಸಿರು, ಎರಡು ಉಸಿರುಗಳ ನಡುವೆ 10 ಸೆಕೆಂಡು ಅಥವಾ ಹೆಚ್ಚು ಅಂತರ, ತಣ್ಣಗಾಗಿ ನೀಲಿಗಟ್ಟಿದ ಚರ್ಮ, ಸೆಳವು: ಇವುಗಳಲ್ಲಿ ಒಂದು ಕಂಡರೂ ಸಾಕು, ಮಿಕ್ಕವುಗಳಿಗೆ ಕಾಯದೆ ನೆರವಿಗೆ ಕರೆಮಾಡಬೇಕು, ಬಿದ್ದವನನ್ನು ಮಗ್ಗುಲಾಗಿಸಿ, ಒಬ್ಬರಾದರೂ ಬಳಿಯಲ್ಲಿರಬೇಕು.

ಕಾಯದೆ ಕುಳಿತದ್ದಕ್ಕೂ ಕರೆಮಾಡದೆ ಕುಳಿತದ್ದಕ್ಕೂ ಇರುವ ಅಂತರವನ್ನು 2017ರ ಫೆಬ್ರವರಿ 2ರ ರಾತ್ರಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಡೆದ ಘಟನೆ ತೋರಿಸುತ್ತದೆ. ಸಂಘಕ್ಕೆ ಹೊಸದಾಗಿ ಸೇರುತ್ತಿದ್ದ 19 ವರ್ಷದ ತಿಮೊಥಿ ಪಿಯಾಜಾ ಎಂಬ ತರುಣನಿಗೆ ಅಲ್ಪಕಾಲದಲ್ಲಿ ಅತಿಯಾಗಿ ಕುಡಿಸಲಾಯಿತು. ಆತ ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದನು. ಮನೆಯ ತುಂಬ ಜನರಿದ್ದರೂ ಸುಮಾರು 12 ಗಂಟೆಗಳ ಕಾಲ ಯಾರೂ ವೈದ್ಯಕೀಯ ನೆರವನ್ನು ಕರೆಯಲಿಲ್ಲ. ಫೆಬ್ರವರಿ 4ರಂದು ಅವನು ತೀರಿಕೊಂಡನು. ನಿಯಮದ ಪ್ರಕಾರ ಆ ಮನೆ ಮದ್ಯನಿಷಿದ್ಧವಾಗಿತ್ತೆಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಗೋಡೆಯ ಮೇಲಿನ ನಿಯಮಕ್ಕೆ ಕೈಕಾಲುಗಳಿಲ್ಲ. ಎದ್ದು ಹೋಗಿ ಕರೆಮಾಡಬೇಕಾದವನು ಮನುಷ್ಯನೇ. 2018ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಅವನ ಹೆಸರಿನಲ್ಲಿಯೇ ಕಠಿಣ ಕಾನೂನನ್ನು ಮಾಡಿತು. ನೆರವಿಗೆ ಕರೆಮಾಡಿದವರಿಗೆ ರಕ್ಷಣೆಯನ್ನೂ ಅದರಲ್ಲಿ ಸೇರಿಸಿತು. 2024ರ ಡಿಸೆಂಬರ್‌ನಲ್ಲಿ ಇಂಥ ಪೀಡನೆಯ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಬೇಕೆಂಬ ಕೇಂದ್ರ ಕಾನೂನೂ ಬಂದಿತು.

ಪರ್ವ ಮುಗಿದು ಕ್ಷಮಾವಳಿಯ ದಿನ ಬಂದಾಗ ಹುಡುಗ ಮನೆಗೆ ಫೋನ್ ಮಾಡಿ, ವಾಡಿಕೆಯಂತೆ ಕ್ಷಮೆ ಕೋರಿದನು. ಆಮೇಲೆ ತಡೆದು, "ಅಪ್ಪಾ, ಇದು ವಾಡಿಕೆಯ ಮಾತಲ್ಲ" ಎಂದು ಎಲ್ಲವನ್ನೂ ಹೇಳಿದನು. ಹೋಗಿದ್ದಕ್ಕಿಂತ ಆ 40 ನಿಮಿಷಗಳು ತನ್ನನ್ನು ಸುಡುತ್ತಿವೆಯೆಂದನು. ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆ ನಿಮಿಷಗಳಲ್ಲಿ ಅರ್ಧ ನನ್ನವು, ಮಗನೇ. ನೀನೂ ನನ್ನನ್ನು ಕ್ಷಮಿಸು" ಎಂದರು. ಪಕ್ಕದಲ್ಲಿದ್ದ ತಾಯಿ ಫೋನನ್ನು ತೆಗೆದುಕೊಂಡು, "ಎಷ್ಟು ಹೊತ್ತಿಗಾದರೂ ಫೋನ್ ಮಾಡು. ಎಲ್ಲಿದ್ದೆ, ಏಕೆ ಹೋದೆ ಎಂದು ಅಂದು ರಾತ್ರಿ ಕೇಳುವುದಿಲ್ಲ" ಎಂದರು.

ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂಬುದು ಜೈನ ಆಚಾರ್ಯರ ಮೂಲಬೋಧೆ. ಮದ್ಯವನ್ನು ಅವರು ಮೊದಲು ತ್ಯಜಿಸಹೇಳಿದ್ದು ಅದರಲ್ಲಿ ನಾಶವಾಗುವ ಜೀವರಾಶಿಗಾಗಿ ಮಾತ್ರವಲ್ಲ. ಅದು ಎಚ್ಚರವನ್ನು ಕೆಡಿಸುತ್ತದೆಂಬುದಕ್ಕಾಗಿಯೂ. ಹಾಗಾದರೆ ಎಚ್ಚರವಾಗಿದ್ದೂ ಸುಮ್ಮನಿದ್ದರೆ? ಪಾಪವು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಾಗಿಲುಗಳಿಂದ ಒಳಬರುತ್ತದೆ. ಕುಡಿಯದವನು ಮೊದಲ ಬಾಗಿಲನ್ನು ಮುಚ್ಚಿದ್ದಾನೆ. ಕುಡಿಸದವನು ಎರಡನೆಯದನ್ನೂ ಮುಚ್ಚಿದ್ದಾನೆ. ಬಿದ್ದವನನ್ನು ನೋಡಿಯೂ 'ಮಲಗಲಿ ಬಿಡು' ಎಂಬ ಮಾತಿಗೆ ತಲೆಯಾಡಿಸಿದವನಿಗೆ ಮೂರನೆಯ ಬಾಗಿಲು ತೆರೆದೇ ಇರುತ್ತದೆ. ಅಂಥ ಮನೆಯಲ್ಲಿ ಬುದ್ಧಿ ನೆಟ್ಟಗಿರುವವನು ಹಲವೊಮ್ಮೆ ವ್ರತಿಯೊಬ್ಬನೇ. ಆದುದರಿಂದ ವ್ರತ ಅವನಿಗೆ ಬಿಡುಗಡೆಯಲ್ಲ, ಹೊಣೆ.

ಹೋಗದಿರುವುದೇ ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಮಕ್ಕಳು ಹೋದಾರು ಎಂಬುದನ್ನೂ ಒಪ್ಪಿಕೊಂಡು ಹೇಳಬೇಕಾದ ಮಾತುಗಳಿವೆ. ಗುಂಪಾಗಿ ಹೋಗಬೇಕು, ಅದೇ ಗುಂಪಾಗಿ ಮರಳಬೇಕು. ಒಬ್ಬರನ್ನೂ ಬಿಟ್ಟು ಬರಬಾರದು. ಹೊರಬರಬೇಕೆನಿಸಿದಾಗ ತೋರುವ ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಾಗಿಲು ದಾಟುವ ಮುನ್ನ ಬೀದಿಯ ಹೆಸರನ್ನೂ ಮನೆಯ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಫೋನಿನಲ್ಲಿ ಚಾರ್ಜ್ ಇರಬೇಕು. ಮರಳುವ ದಾರಿ ಆ ಮನೆಯವರ ಕೈಯಲ್ಲಿರಬಾರದು. ನೀರೇ ಆಗಲಿ, ತಾನೇ ತೆರೆದದ್ದನ್ನು ಮಾತ್ರ ಕುಡಿಯಬೇಕು. ಕೆಳಗಿಟ್ಟು ಹೋದದ್ದನ್ನು ಮತ್ತೆ ಮುಟ್ಟಬಾರದು. ಬಣ್ಣ, ವಾಸನೆಗಳಿಂದ ಪತ್ತೆಯಾಗದ ಮತ್ತಿನ ದ್ರವ್ಯಗಳಿವೆ. ಆದರೆ ಈ ದುಷ್ಕೃತ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಾಗುವ ಮತ್ತು ಮದ್ಯವೇ ಆಗಿದೆ.

ಈ ಎಚ್ಚರಿಕೆಗಳನ್ನು ಹೆಣ್ಣುಮಕ್ಕಳಿಗಷ್ಟೇ ಹೇಳಿ ಮುಗಿಸುವುದು ಅನ್ಯಾಯ. ಮತ್ತಿನಲ್ಲಿರುವವಳು ಒಪ್ಪಿಗೆ ಕೊಡಲು ಶಕ್ತಳಲ್ಲ. ಅವಳ ಮೌನ ಒಪ್ಪಿಗೆಯಲ್ಲ. ಇದನ್ನು ಗಂಡುಮಕ್ಕಳಿಗೆ ಮನೆಯಲ್ಲಿ ತಂದೆಯೇ ಬಾಯಿಬಿಟ್ಟು ಹೇಳಬೇಕು. ಅನಾಹುತಕ್ಕೊಳಗಾದವಳು ಮನೆಗೆ ಬಂದರೆ 'ನೀನು ಅಲ್ಲಿಗೆ ಹೋದದ್ದೇಕೆ?' ಎಂಬುದು ಮೊದಲ ಪ್ರಶ್ನೆಯಾಗಬಾರದು. ತಪ್ಪು ತಪ್ಪೆಸಗಿದವನದು. ನೆರವಿಗೆ ಕರೆಮಾಡಿದ ಅಪ್ರಾಪ್ತ ವಯಸ್ಕರನ್ನು ಮದ್ಯದ ಆರೋಪದಿಂದ ಕಾಪಾಡುವ ಕಾನೂನುಗಳು ಅಲ್ಲಿಯ ಬಹುತೇಕ ರಾಜ್ಯಗಳಲ್ಲಿವೆ. ಷರತ್ತುಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಾಜ್ಯವೇ ಇಷ್ಟು ಕ್ಷಮೆಯನ್ನು ತೋರುವಾಗ ಮನೆ ಅದಕ್ಕಿಂತ ಕಠಿಣವಾಗಿರಬೇಕೆ?

ಮಂದಿರಗಳ ಆಡಳಿತ ಮಂಡಳಿಗಳೂ ಇದರಲ್ಲಿ ಮಾಡಬಹುದಾದದ್ದಿದೆ. ಕಾಲೇಜಿಗೆ ಹೊರಡುವ ಮಕ್ಕಳನ್ನು ಶಾಲು ಹೊದಿಸಿ ಸನ್ಮಾನಿಸುವ ಸಭೆಯಲ್ಲಿಯೇ, ವೈದ್ಯರೊಬ್ಬರಿಂದಲೂ ಹಿರಿಯ ವಿದ್ಯಾರ್ಥಿಯೊಬ್ಬನಿಂದಲೂ ಒಂದು ಗಂಟೆಯ ಮಾತನ್ನು ಏರ್ಪಡಿಸಬಹುದು. ಪೋಷಕರು ಒಳಗೆ ಕುಳಿತಿರಲಿ; ಆದರೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಹುಬ್ಬು ಗಂಟಿಕ್ಕದಿರಲಿ.

2024ರ ಬೇಸಿಗೆಯಲ್ಲಿ ಆ ಹುಡುಗ ತಾನು ಕಲಿತ ಪಾಠಶಾಲೆಗೆ ಬಂದು, ಆ ವರ್ಷ ಕಾಲೇಜಿಗೆ ಹೊರಟಿದ್ದವರ ಮುಂದೆ ನಿಂತನು. ಉಪದೇಶ ಮಾಡಲಿಲ್ಲ. ನಡೆದದ್ದನ್ನು ಹೇಳಿ, "ಮನೆಯ ಸಂಖ್ಯೆಯನ್ನು ಮೊದಲು ನೋಡಿಕೊಳ್ಳಿ" ಎಂದನು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಅವನ ತಂದೆ ಎದ್ದುನಿಂತು, ಪೋಷಕರ ಕಡೆಗೆ ತಿರುಗಿ, ತಾವು ಹಿಂದಿನ ವರ್ಷ ಮಗನಿಗೆ ಹೇಳಿದ್ದ ಎರಡನೆಯ ವಾಕ್ಯವನ್ನು ಎಲ್ಲರಿಗೂ ಕೇಳುವಂತೆ ಹೇಳಿದರು. "ಇದನ್ನು ಮಾತ್ರ ಹೇಳಿ ಕಳುಹಿಸಬೇಡಿ" ಎಂದು ಬೇಡಿಕೊಂಡರು.